ಪ್ರಭುರಾಜನದು ಯಾವ ಪಂಥ?

ಎಲ್ಲ ಶುರುವಾಗಿದ್ದು ಒಂದು ಸೊಳ್ಳೆಬತ್ತಿಯಿಂದ. ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿಯಲ್ಲಿ ಸೊಳ್ಳೆಗಳಿಗೆ ಹಗಲು ರಾತ್ರಿ ಎಂಬ ಭೇದವಿಲ್ಲ. ಆ ಭಾನುವಾರ ಬೆಳಿಗ್ಗೆ ಅನ್ನಮ್ಮ ಪಡಸಾಲೆಯಲ್ಲಿ ಒಂದು ಬತ್ತಿ ಹಚ್ಚಿ, ಯಾರೂ ತುಳಿಯದಿರಲಿ ಎಂದು ಗೋಡೆಯ ಗೂಡಿನಲ್ಲಿಟ್ಟರು. ಗೂಡಿನ ಮೇಲೆ ಯಾವುದೋ ದೇಶದ ಬೋಳುತಲೆಯ ಮುದುಕನ ಫೋಟೊ ಇತ್ತು. ಹೊಗೆ ಸೀದಾ ಅವನ ಮೂಗಿಗೆ ಹೋಗುತ್ತಿತ್ತು.

ಸಕ್ಕರೆ ಕೇಳಲು ಬಂದ ಪಕ್ಕದ ಮನೆಯ ವಿಜಯಲಕ್ಷ್ಮಿ ಇದನ್ನು ನೋಡಿದಳು. ಫೋಟೊದ ಎದುರು ಮೂವರು ಗಂಡಸರು ಚಕ್ಕಳಮಕ್ಕಳ ಹಾಕಿಕೊಂಡು, ಒಂದೇ ಬಣ್ಣದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದನ್ನೂ ನೋಡಿದಳು. ಅವಳು ಸಕ್ಕರೆ ಮರೆತು ಮನೆಗೆ ಹೋದಳು.

ಮೂವರಲ್ಲಿ ಒಬ್ಬ ಅನ್ನಮ್ಮನ ಮಗ ಪ್ರಭುರಾಜ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಇನ್ನಿಬ್ಬರು ಮೊಬೈಲ್ ಅಂಗಡಿಯ ವಿರುಪಾಕ್ಷಿ ಮತ್ತು ಅಕ್ಕಿ ಗಿರಣಿಯ ಮೆಕ್ಯಾನಿಕ್ ತೌಸೀಫ. ಮೂರು ವರ್ಷದ ಹಿಂದೆ ಪ್ರಭುರಾಜನಿಗೆ ಎಲ್ಲಿಂದಲೋ ಲಿಬರ್ಟೇರಿಯನ್ ಎಂಬ ವಿಚಾರ ಹತ್ತಿಕೊಂಡಿತ್ತು; ಫೋಟೊದ ಮುದುಕ ಆ ವಿಚಾರದ ಪುಸ್ತಕ ಬರೆದವನು. ಯಾರೂ ಯಾರ ಮೇಲೂ ಒತ್ತಾಯ ಮಾಡಬಾರದು, ಅವರವರ ಬದುಕಿಗೆ ಅವರವರೇ ಯಜಮಾನರು, ಸರ್ಕಾರ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು ಎಂಬುದು ಅದರ ಸಾರ. ಹಾಗಾದರೆ ನೀನು ಸರ್ಕಾರಿ ಸಂಬಳ ಯಾಕೆ ತೆಗೆದುಕೊಳ್ಳುತ್ತೀ ಎಂದು ಕೇಳಿದವರಿಗೆ, ಒಳಗಿದ್ದು ಅಭ್ಯಾಸ ಮಾಡುತ್ತಿದ್ದೇನೆ ಎನ್ನುತ್ತಿದ್ದ. ಪಾಪ, ಒಳ್ಳೆಯ ಮನುಷ್ಯ. ವಯಸ್ಸು ಮೂವತ್ತನಾಲ್ಕಾಗಿತ್ತು, ಏಳು ಸಂಬಂಧ ಬಂದು ಹೋಗಿದ್ದವು.

ಎಂಟನೆಯದು ಕುಷ್ಟಗಿಯ ಶಿವಲೀಲಾ, ಸಾಲಿ ಟೀಚರ್. ಹದಿನೈದು ದಿನದ ಹಿಂದೆ ಅವಳನ್ನು ನೋಡಿ ಬಂದ ಮೇಲೆ ಪ್ರಭುರಾಜನಿಗೆ ಕಚೇರಿಯ ಕಡತಗಳೂ ಚೆಂದ ಕಾಣತೊಡಗಿದ್ದವು. ಹುಡುಗಿ ಒಪ್ಪಿದ್ದಳು. ಆ ಭಾನುವಾರವೇ ಅವಳ ತಂದೆ ಕೊಟ್ರಬಸಪ್ಪ ಮನೆ ನೋಡಲು ಬರುವವರಿದ್ದರು. ಅವರೂ ಹೂಂ ಎಂದರೆ ಮುಗಿಯಿತು.

ನಮ್ಮ ಕಡೆ ಮನೆ ನೋಡುವುದೆಂದರೆ ಮೊದಲು ನೋಡುವುದು ಪಕ್ಕದ ಮನೆಯನ್ನು. ಹುಡುಗ ಎಂಥವನು, ಕುಡಿಯುತ್ತಾನೋ, ತಾಯಿ ಜಗಳಗಂಟಿಯೋ ಎಂದು ನೆರೆಯವರಲ್ಲಿ ವಿಚಾರಿಸದೆ ಯಾರೂ ಹೊಸ್ತಿಲು ದಾಟುವುದಿಲ್ಲ. ಹನ್ನೊಂದಕ್ಕೆ ಬಸ್ಸಿಳಿದ ಕೊಟ್ರಬಸಪ್ಪ ಅದೇ ಪದ್ಧತಿಯಂತೆ ವಿಜಯಲಕ್ಷ್ಮಿಯ ಕಟ್ಟೆಯ ಮೇಲೆ ಕೂತರು.

"ಹುಡುಗ ಬಂಗಾರದಂಥಾವ್ರಿ. ಕುಡಿಯಂಗಿಲ್ಲ, ಸೇದಂಗಿಲ್ಲ," ಎಂದಳು ವಿಜಯಲಕ್ಷ್ಮಿ. ಆಮೇಲೆ ದನಿ ತಗ್ಗಿಸಿದಳು. "ಆದ್ರ ಯಾವ್ದೋ ಪಂಥ ಸೇರ್ಯಾನ್ರಿ. ಫೋಟೊದ ಮುಂದ ಧೂಪ ಹಾಕ್ಕೊಂಡು ಕುಂದರ್ತಾರ."

ಅಷ್ಟು ಹೊತ್ತಿಗೆ ಅನ್ನಮ್ಮ ಒಗ್ಗರಣೆ ಮಂಡಕ್ಕಿ, ಮಿರ್ಚಿ ಸಿದ್ಧ ಮಾಡಿ ದಾರಿ ನೋಡುತ್ತಿದ್ದರು. ಕೊಟ್ರಬಸಪ್ಪ ಬಂದು ಕೂತರು, ಆದರೆ ಕೊಟ್ಟ ನೀರು ಮುಟ್ಟಲಿಲ್ಲ. ಮನೆ ನೋಡಲು ಬಂದವರು ನೀರು ಮುಟ್ಟದಿದ್ದರೆ ಏನರ್ಥ ಎಂದು ಅನ್ನಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ.

"ತಮ್ಮಾ, ನಿಮ್ದು ಯಾವ ಪಂಥ?" ಎಂದರು ಕೊಟ್ರಬಸಪ್ಪ.

ಪ್ರಭುರಾಜ ಇದಕ್ಕೇ ಕಾದಿದ್ದವನಂತೆ ನೆಟ್ಟಗೆ ಕೂತ. ಪಂಥವೆಂದರೆ ಒಬ್ಬ ಗುರು ಇರಬೇಕು, ಎಲ್ಲರೂ ಒಂದೇ ಮಾತು ಆಡಬೇಕು, ಬಿಟ್ಟು ಹೋಗುವವರನ್ನು ಬಿಡಬಾರದು, ನಮ್ಮಲ್ಲಿ ಈ ಮೂರೂ ಇಲ್ಲ ಎಂದು ಬೆರಳು ಮಡಚಿ ವಿವರಿಸಿದ. ಸಾಕ್ಷಿಗೆಂದು, ಆಗಲೇ ಮನೆಗೆ ಹೋಗಿದ್ದ ಗೆಳೆಯರಿಗೆ ಫೋನ್ ಹಚ್ಚಿ ಕರೆಸಿದ. ಅದೊಂದು ಮಾಡಬಾರದಿತ್ತು.

ಕೊಟ್ರಬಸಪ್ಪ ಹಿಂದೆ ಪಂಚಾಯಿತಿ ಸದಸ್ಯರಾಗಿದ್ದವರು, ಸಾಕ್ಷಿ ಕೇಳುವ ರೀತಿ ಗೊತ್ತಿತ್ತು. ವಿರುಪಾಕ್ಷಿಯನ್ನು ಹೊರಗೆ ನಿಲ್ಲಿಸಿ ಮೊದಲು ತೌಸೀಫನನ್ನು ಕರೆದು, ನಿಮ್ಮ ವಿಚಾರ ಏನು ಎಂದು ಕೇಳಿದರು. "ವ್ಯಕ್ತಿಯೇ ತನ್ನ ಬದುಕಿನ ಏಕೈಕ ಒಡೆಯ," ಎಂದು ತೌಸೀಫ ಒಂದೇ ಉಸಿರಿಗೆ ಒಪ್ಪಿಸಿದ. ಆಮೇಲೆ ಬಂದ ವಿರುಪಾಕ್ಷಿಯೂ ಅದನ್ನೇ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಒಪ್ಪಿಸಿದ. ಇದನ್ನು ಹೇಳಿಕೊಟ್ಟವರು ಯಾರು ಎಂದಾಗ ಇಬ್ಬರೂ ಪ್ರಭುರಾಜನ ಮುಖ ನೋಡಿದರು.

"ಯಾರರ ಬಿಟ್ಟು ಹೋಗ್ಯಾರೇನು?"

"ಹೋಗ್ಯಾರಲ್ರಿ," ಎಂದ ವಿರುಪಾಕ್ಷಿ ಉತ್ಸಾಹದಿಂದ. "ನವಲಿಯ ಹನುಮೇಶ ಹೋದ. ಸರ್ಕಾರದ ಸಬ್ಸಿಡಿಯಾಗ ಪಂಪ್‌ಸೆಟ್ ತಗೊಂಡ. ಆವತ್ತಿಂದ ನಾವ್ಯಾರೂ ಅವನ ಜೋಡಿ ಮಾತಾಡಂಗಿಲ್ರಿ."

ಪ್ರಭುರಾಜ ಕಣ್ಣು ಮುಚ್ಚಿಕೊಂಡ. ಮೂರು ವರ್ಷದಲ್ಲಿ ತನಗೆ ಹೊಳೆಯದ್ದು ಮೂರು ಪ್ರಶ್ನೆಗಳಲ್ಲಿ ಹೊರಗೆ ಬಂದಿತ್ತು. ನಿಜಕ್ಕೂ ಇದು ಪಂಥವೇ ಇರಬಹುದೇ ಎಂದು ಅವನಿಗೂ ಸಣ್ಣ ಅನುಮಾನ ಬಂತು. ಆದರೂ ಸಿದ್ಧಾಂತ ಬಿಡಲಾಗದೆ, ನಾನು ಯಾರ ಮಾತೂ ಕೇಳುವವನಲ್ಲ, ಇದು ಪಂಥ ಅಲ್ಲವೇ ಅಲ್ಲ ಎಂದು ಮತ್ತೆ ವಾದಿಸಿದ.

ಕೊಟ್ರಬಸಪ್ಪ ಎದ್ದು ಟವೆಲು ಹೆಗಲಿಗೆ ಹಾಕಿಕೊಂಡರು. "ನೋಡು ತಮ್ಮಾ, ಪಂಥ ಆಗಿದ್ರ ನಂದೇನೂ ತಕರಾರಿಲ್ಲ. ನಾವೂ ಮಠಕ್ಕ ನಡಕೊಳ್ಳೋ ಮಂದಿ. ಪಂಥ ಅಂದ್ರ ಮ್ಯಾಲೊಬ್ಬ ಹಿರ್ಯಾ ಇರ್ತಾನ. ನಾಳೆ ಏನರ ಹೆಚ್ಚುಕಡಿಮಿ ಆದ್ರ ಅವನ ಹತ್ರ ಹೋಗಿ ಹೇಳಬೌದು. ಯಾರ ಮಾತೂ ಕೇಳಲಾರದಾಂವಗ ಮಗಳನ್ನ ಹ್ಯಾಂಗ ಕೊಡ್ಲಿ?"

ಅಡುಗೆಮನೆಯ ಬಾಗಿಲಲ್ಲಿ ಅನ್ನಮ್ಮ ಮಗನ ಕಡೆ ನೋಡಿ ಕೈ ಮುಗಿದರು. ಪ್ರಭುರಾಜನ ಕಣ್ಣ ಮುಂದೆ ಶಿವಲೀಲಾ ಬಂದು ನಿಂತಳು. ಇದು ಕೈತಪ್ಪಿದರೆ ಒಂಬತ್ತನೆಯದು ಬರುವ ಲಕ್ಷಣವಿರಲಿಲ್ಲ.

"ಪಂಥನ ಐತ್ರಿ," ಎಂದ.

ಪ್ರಭುರಾಜ ಅಷ್ಟಕ್ಕೇ ನಿಲ್ಲಲಿಲ್ಲ. ಗುರುಗಳು ಇದ್ದಾರೆ, ಫೋಟೊದಲ್ಲಿರುವವರೇ, ಅವರ ಶಿಷ್ಯರು ಬಳ್ಳಾರಿಯಲ್ಲಿದ್ದಾರೆ, ಅವರು ಹಾಕಿದ ಗೆರೆ ಯಾರೂ ದಾಟುವಂತಿಲ್ಲ, ಮದುವೆಯಾದ ಮೇಲೆ ಹೆಂಡತಿಯೂ ದಾಟುವಂತಿಲ್ಲ ಎಂದು ಹೇಳುತ್ತಾ ಹೋದ. ಕೊಟ್ರಬಸಪ್ಪನವರ ಮುಖ ಅರಳಿತು. ಕೂತರು, ನೀರು ಕುಡಿದರು, ಎರಡು ಮಿರ್ಚಿ ತಿಂದರು. ಫೋಟೊಕ್ಕೊಂದು ನಮಸ್ಕಾರ ಮಾಡಿ, ಖುಷಿಯಲ್ಲಿ ಮಗಳಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಿಸಲೆಂದು ಸ್ಪೀಕರಿಗೆ ಹಾಕಿದರು. ಹುಡುಗ ಗುರುಗಳ ಮಾತು ಮೀರುವವನಲ್ಲ, ಹೆಂಡತಿಯನ್ನೂ ಮೀರಲು ಬಿಡುವುದಿಲ್ಲವಂತೆ, ನನಗೆ ಒಪ್ಪಿಗೆ ಎಂದು ಹೇಳಿದರು.

"ಅಪ್ಪಾ, ಆವತ್ತು ಅವರು ನನ್ನ ಜೋಡಿ ಮಾತಾಡುಮುಂದ, ನಿನ್ನ ಸಂಬಳ ನಿಂದು, ನೀ ಎಲ್ಲಿ ಹೋಗ್ತಿ ಬರ್ತಿ ಅಂತ ನಾ ಕೇಳಂಗಿಲ್ಲ ಅಂದಿದ್ರು," ಎಂದಳು ಶಿವಲೀಲಾ ಮೆಲ್ಲಗೆ. "ಹಂಗ ಅಂದಾವ್ರು ಅವರೊಬ್ಬರ. ಅದಕ್ಕ ಹೂಂ ಅಂದಿದ್ದೆ. ಗುರು ಹೇಳಿದಂಗ ನಡಿಸೋರಾದ್ರ ನನಗ ಬ್ಯಾಡ."

ಪ್ರಭುರಾಜ ಫೋನಿನ ಮೇಲೆ ಬಾಗಿ, ಇಲ್ರಿ, ಪಂಥ ಅಲ್ರಿ ಎಂದ. ಕೊಟ್ರಬಸಪ್ಪ ತಲೆಯೆತ್ತಿ ಅವನನ್ನೇ ದಿಟ್ಟಿಸಿದರು. ಅವನು ಐತ್ರಿ ಎಂದ. ಆ ಕಡೆ ಫೋನ್ ಇಟ್ಟ ಸದ್ದು ಕೇಳಿಸಿತು.

ಕೊಟ್ರಬಸಪ್ಪನವರಿಗೂ ಬೇಜಾರಾಗಿತ್ತು. ಕೈ ತೊಳೆದುಕೊಂಡು, ಅನ್ನಮ್ಮನಿಗೆ ಮಿರ್ಚಿ ಭಾಳ ಛಲೋ ಆಗಿದ್ದವು ಎಂದು ಹೇಳಿ, ಪ್ರಭುರಾಜನ ಬೆನ್ನು ತಟ್ಟಿದರು.

"ನನಗೇನೋ ನೀ ಮನಸ್ಸಿಗೆ ಬಂದಿದ್ದಿ ತಮ್ಮಾ. ಆದ್ರ ಆಕಿ ಬ್ಯಾಡ ಅಂದ ಮ್ಯಾಲೆ ಜುಲುಮಿ ಮಾಡಾಕ ಬರ್ತದೇನು?"

ಮೂರು ವರ್ಷದಲ್ಲಿ ಮೊದಲ ಸಲ ಪ್ರಭುರಾಜನಿಗೆ, ಯಾರಾದರೂ ಯಾರಿಗಾದರೂ ಸ್ವಲ್ಪ ಜುಲುಮೆ ಮಾಡಿದ್ದರೆ ಚೆನ್ನಾಗಿತ್ತು ಎನ್ನಿಸಿತು.