ಕಂಕುಳಿಂದ ಕಂಕುಳಿಗೆ ಸಂಚರಿಸುವ ಥರ್ಮಾಮೀಟರ್ ಮಹಾಶಯರಿಗೆ

ಮಾನ್ಯರೇ,

ಆಪರೇಷನ್ ವಾರ್ಡಿನ ಸ್ಟೀಲ್ ಟ್ರೇಯಲ್ಲಿ ತಾವು ಸುಖವಾಗಿ ಪವಡಿಸಿರುವಿರೆಂದು ಬಲ್ಲೆ. ನಮ್ಮ ಕಡೆಯ ಕ್ಷೇಮವನ್ನು ಅಷ್ಟೇ ಧೈರ್ಯದಿಂದ ಹೇಳಲಾರೆನಾದ್ದರಿಂದ ಈ ಬಹಿರಂಗ ಬಿನ್ನಹ.

ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಬಂದ ನನ್ನ ಅಕ್ಕನ ಬಳಿಗೆ ತಾವು ಪಕ್ಕದ ಮಂಚದ ಅಜ್ಜಿಯ ಕಂಕುಳಿನಿಂದ ನೇರವಾಗಿ ದಯಮಾಡಿಸಿದಿರಿ, ನಡುವೆ ಒಂದು ಸುತ್ತು ಹತ್ತಿಯ ಉಪಚಾರವಷ್ಟೇ. ಜೊತೆಗೆ ಕರೆತಂದ ಯೀಸ್ಟ್ ಜಾತಿಯ ಶಿಲೀಂಧ್ರವೆಂಬ ಅತಿಥಿ ಅವಳ ಚರ್ಮದ ಮೇಲೆ ಬಿಡಾರ ಹೂಡಿ, ಕುತ್ತಿಗೆಗೆ ಚುಚ್ಚಿದ್ದ ನಳಿಕೆಯ ದಾರಿ ಹಿಡಿದು ರಕ್ತಕ್ಕೇ ಇಳಿಯಿತು. ಮೊದಲ ಔಷಧಕ್ಕೆ ಅದು ನಕ್ಕಿತು, ಎರಡನೆಯದಕ್ಕೆ ಸೊಕ್ಕಿತು. ಈಗ ಉಳಿದಿರುವುದು ಒಂದೇ. ಅದಕ್ಕೂ ಬಗ್ಗದಿದ್ದರೆ ನಾಲ್ಕನೆಯದು ಇಲ್ಲವೆನ್ನುತ್ತಾರೆ ಡಾಕ್ಟರು.

ಅಕ್ಕ ಈಗ ಒಂಟಿ ಕೋಣೆಯಲ್ಲಿದ್ದಾಳೆ. ನಿನ್ನೆ ಗಾಜಿನ ಬಾಗಿಲ ಸಂದಿಯಿಂದ, "ಆ ಕಡ್ಡಿ ಅಲೆದಷ್ಟು ನೀನು ಕೆಲಸ ಹುಡುಕ್ಕೊಂಡೂ ಅಲೆದಿಲ್ಲ ಕಣೋ" ಎಂದು ನನ್ನನ್ನು ಮೂದಲಿಸಿದಳು. ಅಷ್ಟು ಮಾತಿಗೇ ಅವಳಿಗೆ ಏದುಸಿರು ಬಂತು.

ಲ್ಯಾಬಿನವರು ಪರದೆ, ಮಂಚದ ಸರಳು, ಟ್ರೇ ಎಲ್ಲವನ್ನೂ ಸವರಿ ನೋಡಿ, ಕಡೆಗೆ ಆ ಅತಿಥಿಯ ತುಂಬು ಸಂಸಾರವನ್ನು ತಮ್ಮ ತುದಿಯಲ್ಲೇ ಕಂಡರು. ಆದರೂ ತಾವು ಸೇವೆಯಲ್ಲೇ ಇದ್ದೀರಿ. ಮಂಚಕ್ಕೊಂದರಂತೆ ಹೊಸದನ್ನು ಕೇಳಿಕೊಂಡು ಹೋದ ನರ್ಸಮ್ಮನಿಗೆ ಉಗ್ರಾಣದವರು, "ಕೆಟ್ಟಿಲ್ವಲ್ಲಮ್ಮ, ಕೆಡ್ಲಿ, ಕೊಡೋಣ" ಎಂದರಂತೆ. ನಿಜ, ತಾವು ಕೆಟ್ಟಿಲ್ಲ. ಜ್ವರ ಎಷ್ಟೆಂದು ಕರಾರುವಾಕ್ಕಾಗಿ ತೋರಿಸುತ್ತೀರಿ. ತಂದವರಾರೆಂಬುದನ್ನು ಮಾತ್ರ ನಯವಾಗಿ ಮರೆಸುತ್ತೀರಿ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ದಯವಿಟ್ಟು ಒಂದು ದಿನ, ಒಂದೇ ದಿನ, ಸುಳ್ಳು ಹೇಳಿ. ಗಟ್ಟಿಮುಟ್ಟಾದ ವಾರ್ಡ್‌ಬಾಯ್‌ಗೆ ಕುದಿಯುವ ನೀರಿನ ಶಾಖ ತೋರಿಸಿ, ಗೋಡೆಗೆ ಜ್ವರವಿದೆಯೆನ್ನಿ, ಕುರ್ಚಿಗೆ ಚಳಿಯೆನ್ನಿ. ಅದಾಗದಿದ್ದರೆ ಟ್ರೇಯಿಂದ ತಾವಾಗಿಯೇ ಉರುಳಿ ನೆಲಕ್ಕೆ ಬಿದ್ದು ಹುತಾತ್ಮರಾಗಿ; ಸ್ಮಾರಕದ ಖರ್ಚು ನನ್ನದು. ಅಕ್ಕನ ಖಾಲಿ ಮಂಚಕ್ಕೆ ಇಂದು ಬೆಳಿಗ್ಗೆ ಒಬ್ಬ ಬಾಣಂತಿ ಬಂದಿದ್ದಾಳೆ, ಆದ್ದರಿಂದ ತುಸು ಅವಸರವಿದೆ.

ಇಂತಿ, ಗಾಜಿನ ಹೊರಗೆ ಸ್ಟೂಲಿನ ಮೇಲೆ ಕುಳಿತಿರುವ,
ತಮ್ಮ ವಿಶ್ವಾಸಿ

ತಾ.ಕ.: ಇದನ್ನು ಮುಗಿಸುವಷ್ಟರಲ್ಲಿ ವಾರ್ಡು ನೋಡಲು ಬಂದ ಆಸ್ಪತ್ರೆಯ ಮುಖ್ಯಸ್ಥರಿಗೆ ಮೈ ಬೆಚ್ಚಗಾದಂತೆನಿಸಿತು. ನರ್ಸಮ್ಮ ತಮ್ಮನ್ನು ಹಿಡಿದು ಹತ್ತಿರ ಬರುತ್ತಲೇ ಅವರು ಎರಡು ಹೆಜ್ಜೆ ಹಿಂದೆ ಸರಿದು, "ಅದು ಬೇಡಮ್ಮ, ನನ್ನ ರೂಮಿಂದ ಹೊಸದು ತರಿಸಿ" ಎಂದರು. ಆದ್ದರಿಂದ ಮೇಲೆ ತಮ್ಮನ್ನು ಉದ್ದೇಶಿಸಿ ಬರೆದುದನ್ನೆಲ್ಲ ಓದುಗರು ಅವರಿಗೇ ಬರೆದದ್ದೆಂದು ತಿಳಿಯತಕ್ಕದ್ದು. ತಮಗಾದ ಮಾನಹಾನಿಗೆ ಕ್ಷಮೆಯಿರಲಿ.