ಸೊನ್ನೆ ನಿಲ್ಲಿಸುವ ಕೆಲಸ

ತಿಪಟೂರಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡೋನಿಗೆ ನಗೋಕೆ ಪುರುಸೊತ್ತಿಲ್ಲದಿದ್ದರೂ, ನಗುವಂಥದ್ದು ನಡೀತಾನೇ ಇರುತ್ತೆ. ನನ್ನ ಕಸುಬು ಇಷ್ಟೇ: ಮೇಲೆ ಏನೂ ಇಲ್ಲದಾಗ ಸೊನ್ನೆ ತೋರಿಸಬೇಕು, ತೋರಿಸಿದ್ದು ಅಲ್ಲಾಡಬಾರದು.

ಮಂಡಿಯವರ ಯೋಚನೆ

ಕೊಬ್ಬರಿ ಮಂಡಿಯವರೊಬ್ಬರ ತಕ್ಕಡಿ ಬರಿದಾಗಿದ್ದಾಗಲೂ ನಲವತ್ತು ಗ್ರಾಂ ತೋರಿಸುತ್ತಿತ್ತು. ತೂಕದಿಂದ ಒಳಗೆ ಹುಟ್ಟೋ ವೋಲ್ಟೇಜು ತೀರಾ ಸಣ್ಣದು, ಅದನ್ನು ದೊಡ್ಡದು ಮಾಡೋ ಆಂಪ್ಲಿಫೈಯರ್ ತನ್ನದೂ ಒಂದಿಷ್ಟು ಸೇರಿಸುತ್ತೆ, ಅದಕ್ಕೆ ಆಫ್‌ಸೆಟ್ ಅಂತಾರೆ, ತೆಗೆದುಬಿಡ್ತೀನಿ ಎಂದೆ. ಅವರು ಗಮನವಿಟ್ಟು ಕೇಳಿದರು.

"ಕೊಳ್ಳೋವಾಗ ಮಾತ್ರ ತೆಗೀರಿ. ಮಾರೋವಾಗ ಅದರ ಪಾಡಿಗೆ ಅದಿರ್ಲಿ ಬುಡಿ."

ನಿಂಬೆಹಣ್ಣು

ಹೊನ್ನವಳ್ಳಿಯ ತೋಟದ ಮನೆಯೊಂದರಲ್ಲಿ ಬೋರ್‌ವೆಲ್ ಮೋಟರ್ ಹಾಕಿದ ಕೂಡಲೇ ತಕ್ಕಡಿಯ ಅಂಕಿ ಕುಣಿಯುತ್ತಿತ್ತು. ಯಾರದೋ ಕಣ್ಣು ಬಿದ್ದಿದೆ ಅಂತ ಯಜಮಾನರು ತೀರ್ಮಾನಿಸಿದ್ದರು. ನಾನು ತಕ್ಕಡಿಯ ವೈರನ್ನು ಮೋಟರ್ ವೈರಿನಿಂದ ದೂರ ಎಳೆದು, ಜಾಲರಿ ಸುತ್ತಿದ ವೈರು ಹಾಕಿ, ಅರ್ಥಿಂಗ್ ಕೊಟ್ಟೆ. ಕುಣಿತ ನಿಂತಿತು. ಆದರೆ ಅಂಕಿ ಐವತ್ತು ಗ್ರಾಮಿನಲ್ಲಿ ನಿಂತಿತು. ಅಂಕಿ ತೋರಿಸೋ ಡಬ್ಬಿಯನ್ನು ಎರಡು ಸಲ ಬಿಚ್ಚಿದೆ, ಒಳಗಿನ ಐಸಿ ಚಿಪ್ ಬದಲಾಯಿಸಿದೆ. ಅದೇ ಐವತ್ತು. ಒಂದು ಗಂಟೆಯಿಂದ ನೋಡುತ್ತಿದ್ದ ಮನೆಯಾಕೆ ಮಜ್ಜಿಗೆ ಕೊಡುತ್ತಾ ಕೇಳಿದರು:

"ಅಣ್ಣ, ದೃಷ್ಟಿಗೆ ಅಂತ ತಟ್ಟೆ ಅಡೀಗೆ ನಿಂಬೆಹಣ್ಣು ಕಟ್ಟಿದ್ವಿ. ಅದೂ ತೂಗ್ತೈತಾ?"

ಉಸಿರು

ಒಂದು ಕಾಲೇಜಿನ ಫಿಸಿಕ್ಸ್ ಮೇಷ್ಟ್ರು ಹುಡುಗರ ಜೊತೆ ಸೇರಿ ಒಂದು ಆಂಪ್ಲಿಫೈಯರ್ ಕಟ್ಟಿದ್ದರು. ಮಾರನೇ ದಿನ ತಪಾಸಣೆಗೆ ಬರೋರಿಗೆ ತೋರಿಸಬೇಕು, ಮೀಟರಿನ ಮುಳ್ಳು ಮಾತ್ರ ಸೊನ್ನೆಯಲ್ಲಿ ನಿಲ್ಲದು. ನನ್ನನ್ನು ಕರೆಸಿದರು. ತಗಡಿನ ಡಬ್ಬಿಯೊಳಗೆ ಇಟ್ಟೆವು, ವೈರು ಹೆಣೆದೆವು, ಫ್ಯಾನ್ ಆರಿಸಿದೆವು. ಮುಳ್ಳು ಮೆಲ್ಲಗೆ ತೇಲುತ್ತಲೇ ಇತ್ತು. ಕೊನೆಗೆ ಗೊತ್ತಾಯಿತು: ನಾವು ಬಗ್ಗಿ ನೋಡಿದಾಗಲೆಲ್ಲ ನಮ್ಮ ಬಿಸಿಯುಸಿರು ತಾಗಿ, ಬೆಸುಗೆಗಳು ಒಂದು ಕಡೆ ಕಾದು, ಅಲ್ಲೇ ಇಲ್ಲದ ವೋಲ್ಟೇಜು ಹುಟ್ಟುತ್ತಿತ್ತು. ಮುಳ್ಳನ್ನು ಸೊನ್ನೆಗೆ ತರೋ ಸ್ಕ್ರೂ ಒಳಗಿದ್ದು, ಅದನ್ನು ತಿರುಗಿಸೋದಿದ್ದರಿಂದ ಮುಚ್ಚಳ ಹಾಕುವಂತಿರಲಿಲ್ಲ. ನಾನು ತಿರುಗಿಸುವಷ್ಟು ಹೊತ್ತು ಯಾರೂ ಉಸಿರು ಬಿಡಬೇಡಿ ಎಂದೆ.

ಮೇಷ್ಟ್ರು, ಹನ್ನೆರಡು ಹುಡುಗರು ಮೇಜಿನ ಸುತ್ತ ತಲೆ ತಗ್ಗಿಸಿ, ಬಾಯಿ ಬಿಗಿದು ನಿಂತರು. ಆಗಲೇ ಪ್ರಿನ್ಸಿಪಾಲರು ಬಾಗಿಲಿಗೆ ಬಂದರು. ನಮ್ಮನ್ನು ನೋಡಿ ಕನ್ನಡಕ ತೆಗೆದರು, ಕೈ ಕಟ್ಟಿ, ತಾವೂ ತಲೆ ತಗ್ಗಿಸಿದರು. ಯಾರಿಗೂ ಮಾತಾಡುವ ಹಾಗಿಲ್ಲ. ಮುಳ್ಳು ಸೊನ್ನೆಗೆ ಬಂತು. ಅವರು ಸದ್ದಿಲ್ಲದೆ ಹೊರಟುಹೋದರು.

ನಾವು ಮುಚ್ಚಳ ಹಾಕಿ ಸುಧಾರಿಸಿಕೊಳ್ಳುವಷ್ಟರಲ್ಲಿ ಉದ್ದಕ್ಕೆ ಗಂಟೆ ಹೊಡೆಯಿತು, ಹೊರಗೆ ಬೈಕುಗಳು ಹೊರಟ ಸದ್ದು. ಪ್ರಿನ್ಸಿಪಾಲರು ಮತ್ತೆ ಬಂದು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು.

"ರಜಾ ಕೊಟ್ಟಿದ್ದೀನಿ ಕಣ್ರೀ. ಬೋರ್ಡಿಗೆ ಬರೀಬೇಕು, ತೀರಿಕೊಂಡಿದ್ದು ಯಾರು?"