ಮಾವನ ಮೌಂಟನ್ ಬೈಕಿಗೆ ಕ್ಯಾರಿಯರ್

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೆಟ್ಟ ತಲೆಯಾದರೆ ಆಗಾಗ ನಿಂತಾದರೂ ನಿಲ್ಲುತ್ತದೆ. ಮಾವನ ತಲೆ ಬೆಳಗ್ಗೆ ಹಲ್ಲುಜ್ಜುವಾಗ ಶುರುವಾದರೆ ಮಲಗುವವರೆಗೂ ಓಡುತ್ತಲೇ ಇರುತ್ತದೆ. ಎಲ್ಲಿಗೆ ಓಡುತ್ತಿದೆ ಎಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ, ಅಷ್ಟೆ! ಅರವತ್ತು ದಾಟಿದ, ಪಂಚೆ ಉಡುವ, ಹನೂರಿನ ಕಡೆ ಎತ್ತಿನ ವ್ಯಾಪಾರ ಮಾಡಿಕೊಂಡಿದ್ದ ಮನುಷ್ಯ ಒಂದು ದಿನ ಬಂದು, "ನಂಗೊಂದು ಬೆಟ್ಟ ಅತ್ತೋ ಸೈಕಲ್ ಕೊಡುಸವ್ವ" ಎಂದರೆ ನೀವೇನು ಮಾಡುತ್ತೀರಿ? ನಾನು ಕಾಫಿ ಕೊಟ್ಟೆ.

ಕಾರಣ ನಮ್ಮತ್ತೆ, ಅಂದರೆ ಮಾವನ ಹೆಂಡತಿ. ಮೋಟಾರು ಇರುವ ಯಾವ ಗಾಡಿಯೂ ಅವರಿಗೆ ಆಗಿಬರುವುದಿಲ್ಲ. ಬಸ್ಸು ಸ್ಟಾರ್ಟ್ ಆಗುವ ಮುಂಚೆಯೇ ಇವರ ವಾಂತಿ ಸ್ಟಾರ್ಟ್ ಆಗುತ್ತದೆ. ಕಾರು, ಆಟೊ, ನನ್ನ ಸ್ಕೂಟರು, ಎಲ್ಲಕ್ಕೂ ಅದೇ ಮರ್ಯಾದೆ. ಮಾತ್ರೆ ನುಂಗಿಸಿದ್ದಾಯಿತು, ನಿಂಬೆಹಣ್ಣು ಮೂಸಿಸಿದ್ದಾಯಿತು. ಮಂಡಿನೋವಿನಿಂದ ಬೀದಿಯ ಕೊನೆಯವರೆಗೂ ನಡೆಯಲಾರರು. ಹೀಗಿರುವಾಗ ಹದಿನೈದು ಕಿಲೋಮೀಟರಿಗೂ ಆಚೆ, ಯಳಂದೂರಿನಲ್ಲಿ ಅವರ ಅಕ್ಕ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಅಕ್ಕತಂಗಿ ದಿನವೂ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುತ್ತಿದ್ದರು. ಒಂದು ದಿನ ಆ ಅಕ್ಕ, "ಮಕ ಕಾಣ್ತದೆ ಕಣೇ, ಕೈ ಸಿಕ್ಕದಿಲ್ಲ" ಎಂದರಂತೆ. ಅವತ್ತು ಅತ್ತೆ ಒಲೆ ಹಚ್ಚಲಿಲ್ಲ. ಮಾವ ಅವಲಕ್ಕಿ ತಿಂದು ಮಲಗಿದರು. ಏಳುವಷ್ಟರಲ್ಲಿ ತಲೆ ಓಡತೊಡಗಿತ್ತು.

ಮೊದಲು ಅಟ್ಟದ ಮೇಲಿದ್ದ ಹಳೇ ಸೈಕಲ್ಲು ಇಳಿಯಿತು. ಡಾಂಬರು ರಸ್ತೆಯ ತುಂಬ ಕುಂತೂರಿನ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರಾಕ್ಟರುಗಳು, ಅವುಗಳ ಹೊಗೆ ಕಂಡರೂ ಅತ್ತೆಗೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ನಾಲೆ ಏರಿಯ ಮಣ್ಣುದಾರಿಯಲ್ಲಿ ಹೋಗುವುದೆಂದಾಯಿತು. ಮೊದಲ ಗುಂಡಿಗೇ ಚಕ್ರ ಸೊಟ್ಟಗಾಗಿ, ಅತ್ತೆ ಕೆಸರಿನಲ್ಲಿ ಕೂತರು. ಮನೆಗೆ ಬಂದ ಮೇಲೆ ಸೀರೆ ಹಿಂಡುತ್ತ ಅವರು ಹೇಳಿದ್ದು ಇಷ್ಟೇ: "ಅಷ್ಟ್ ಎತ್ತ ಪಳಗ್ಸಿದವ್ರು, ಒಂದ್ ಸೈಕಲ್ ಪಳಗ್ಸಕ್ಕಾಗ್ನಿಲ್ವ?"

ಆಗ ಫೋನಿನಲ್ಲಿ ಮೌಂಟನ್ ಬೈಕ್ ತೋರಿಸಿದವಳು ನಾನೇ. ಕಲ್ಲುಬಂಡೆಯ ಮೇಲೆಲ್ಲ ಹಾರಿಸುವ ವಿಡಿಯೊ. ಮಾವ ಅದನ್ನು ನೋಡಿ, "ಇಂದ್ಗಡೆ ಕುಂತವ್ರು ಎಲ್ಲಿ?" ಎಂದು ಕೇಳಿದರು. ಇಡೀ ಲೋಕದಲ್ಲಿ ಮೌಂಟನ್ ಬೈಕ್ ನೋಡಿ ಈ ಪ್ರಶ್ನೆ ಕೇಳಿದವರು ಇವರೊಬ್ಬರೇ ಇರಬೇಕು!

ಮಾರನೇ ದಿನವೇ ಬಂದು ಕೊಡಿಸೆಂದರು, ನನ್ನ ಕಾಫಿ ಕುಡಿದೂ ಪಟ್ಟು ಬಿಡಲಿಲ್ಲ, ಮೈಸೂರಿನ ಅಂಗಡಿಗೆ ಹೋದೆವು. ಅಲ್ಲಿನ ಮಾಲೀಕ ಜುಟ್ಟು ಬಿಟ್ಟ, ಮಾತು ಬಲ್ಲ ಮನುಷ್ಯ. ಮುಂದಿನ ಚಕ್ರಕ್ಕೆ ಮಾತ್ರ ಸಸ್ಪೆನ್ಷನ್ ಇದ್ದರೆ ಹಾರ್ಡ್‌ಟೇಲ್, ಎರಡೂ ಕಡೆ ಇದ್ದರೆ ಫುಲ್ ಸಸ್ಪೆನ್ಷನ್ ಎಂದು ವಿವರಿಸಿದ. ಮಾವ ಫುಲ್ ಸಸ್ಪೆನ್ಷನ್ ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಎತ್ತಿನ ಮೈಮೇಲೆ ಸುಳಿ ಹುಡುಕುವವರಂತೆ ಬಗ್ಗಿ ನೋಡಿ, ಸೀಟಿನ ಮೇಲೆ ಕೈಯಿಟ್ಟು ಒತ್ತಿದರು. ಅದು ಕುಸಿಯಿತು.

"ಇದು ಮೈಗಳ್ಳ ಎತ್ತು. ನೊಗ ಮುಟ್ಟುಸುದ್ರೆ ಮನೀಕತದೆ."

"ಹಾಗಲ್ಲ ಯಜಮಾನ್ರೇ, ಅದು ಗುಂಡಿ ಬಂದ್ರೆ ಏಟು ತಡೆಯೋದು. ಬೆನ್ನಿಗೆ ತುಂಬ ಒಳ್ಳೇದು."

ಬೆನ್ನಿಗೆ ಒಳ್ಳೆಯದು ಎಂದದ್ದೇ ಮಾವ ಮೆತ್ತಗಾದರು. "ಅಂಗಾರೆ ಇದ್ಕೇ ಕ್ಯಾರಿಯರ್ ಆಕ್ಕೊಡಿ" ಎಂದರು.

ಮಾಲೀಕ ಆಗುವುದಿಲ್ಲವೆಂದು ತಲೆಯಾಡಿಸಿದ. ಹಿಂದಿನ ಭಾಗ ಮೇಲೆ ಕೆಳಗೆ ಆಡುವುದರಿಂದ ಕ್ಯಾರಿಯರ್ ಕೂರುವುದಿಲ್ಲ. ಬೇಕಿದ್ದರೆ ಹಾರ್ಡ್‌ಟೇಲಿಗೆ ಹಾಕಿಕೊಡುತ್ತೇನೆ, ಆದರೆ ಅದು ಇಪ್ಪತ್ತೈದು ಕೇಜಿ ಮಾತ್ರ ತಡೆಯುತ್ತದೆ ಎಂದ.

"ನನ್ ಎಂಡ್ತಿ ಇಪ್ಪತ್ತೈದ್ ಕೇಜಿ ಇದ್ದಾಗ ನಂಗೆ ಪರಿಚಯ್ವೇ ಇರ್ನಿಲ್ಲ ಸಾ" ಎಂದರು ಮಾವ.

ಇದು ನಗುವ ಮಾತಾದರೂ ಮಾವನಿಗೆ ನಿಜವಾಗಿ ಸಂಕಟ ಹತ್ತಿಕೊಂಡಿತು. ಮೆತ್ತನೆಯ ಬೈಕಿನಲ್ಲಿ ಹೆಂಡತಿಗೆ ಜಾಗವಿಲ್ಲ. ಜಾಗವಿರುವ ಬೈಕು ಹೆಂಡತಿಗೆ ಮೆತ್ತಗಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತರು. ಕೊನೆಗೆ ಎದ್ದು ಬಂದು ಹೆಗಲ ಟವೆಲ್ಲನ್ನು ಮಾಲೀಕನ ಕೈಮೇಲೆ ಹೊದಿಸಿ, ಅದರೊಳಗೆ ಅವನ ಬೆರಳು ಹಿಡಿದು ಅದುಮತೊಡಗಿದರು. ದನದ ಜಾತ್ರೆಯಲ್ಲಿ ರೇಟು ಮಾತಾಡುವುದು ಹಾಗೆಯೇ, ಪಕ್ಕದವನಿಗೆ ತಿಳಿಯಬಾರದು. ಪಾಪ, ಮಾಲೀಕನಿಗೆ ಏನು ಗೊತ್ತು? ಕೈ ಕೊಸರಿಕೊಂಡು ನನ್ನ ಕಡೆ ಗಾಬರಿಯಿಂದ ನೋಡಿದ. ನಾನು ಗೋಡೆಯ ಹೆಲ್ಮೆಟ್ಟುಗಳನ್ನು ನೋಡುತ್ತ ನಿಂತೆ.

ಹಾರ್ಡ್‌ಟೇಲ್ ಮನೆಗೆ ಬಂತು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅದಕ್ಕೊಂದು ಕಬ್ಬಿಣದ ಕ್ಯಾರಿಯರು, ಕಾಲಿಡಲು ಎರಡು ಕಂಬಿ, ಕೂರಲು ಬೂರುಗದ ಹತ್ತಿಯ ದಿಂಬು. ಇನ್ನು ಪರೀಕ್ಷೆ. ಅತ್ತೆಗೆ ಹೇಗಾಗುತ್ತದೆ ಎಂದು ತಿಳಿಯಲು ಮಾವನೇ ಹಿಂದೆ ಕೂರುತ್ತಾರಂತೆ, ಪೆಡಲು ತುಳಿಯುವವಳು ನಾನಂತೆ! ನಾನು ಹೈಸ್ಕೂಲು ಮೇಡಂ, ಬೀದಿಯಲ್ಲಿ ನನಗೂ ಒಂದಿಷ್ಟು ಮಾನ ಇತ್ತು. ಜನ ಜಗಲಿಗೆ ಬಂದು ನೋಡುತ್ತಿರುವಾಗ ಮಾವ ನನ್ನ ಬೆನ್ನ ಹಿಂದಿನಿಂದ, "ಆ ಗುಂಡಿ ಬುಟ್‌ಬುಟ್ಟೆ ಕಣವ್ವ, ವಾಪಸ್ ತಿರುಗ್ಸು" ಎನ್ನುತ್ತಿದ್ದರು. ಬೀದಿಯ ಒಂದೊಂದು ಗುಂಡಿಗೂ ನಾವು ಹಾಜರಿ ಹಾಕಿದೆವು. ಇಳಿದ ಮೇಲೆ ಮಾವ ಸೊಂಟ ಹಿಡಿದುಕೊಂಡೇ ಒಳಗೆ ನಡೆದರು. ದಿಂಬಿಗೆ ಮತ್ತಷ್ಟು ಹತ್ತಿ ತುಂಬಿಸಿದರು.

ಒಂದು ಭಾನುವಾರ ನಸುಕಿನಲ್ಲೇ ಅತ್ತೆ ದಿಂಬಿನ ಮೇಲೆ ಕೂತರು, ಮಾವ ಪಂಚೆ ಎತ್ತಿಕಟ್ಟಿ ತುಳಿದರು, ಇಬ್ಬರೂ ನಾಲೆಯ ಕಡೆ ಹೊರಟರು. ನಾನು ಸ್ಕೂಟರಿನಲ್ಲಿ ಡಾಂಬರು ರಸ್ತೆ ಹಿಡಿದು ಯಳಂದೂರು ಸೇರಿ ಕಾದೆ. ಒಳಗೆ ಅತ್ತೆಯ ಅಕ್ಕ ತಲೆ ಬಾಚಿಸಿಕೊಂಡು, ಬಾಗಿಲ ಕಡೆ ಮುಖ ಮಾಡಿ ಮಲಗಿದ್ದರು. ಹತ್ತಾಯಿತು, ಹನ್ನೊಂದಾಯಿತು. "ಬಂದ್ರಾ?" ಎಂದು ಕೇಳಿ ಕೇಳಿ ಅವರು ಕೇಳುವುದನ್ನೇ ಬಿಟ್ಟರು. ನನಗೆ ಕೂತಿರಲಾಗಲಿಲ್ಲ. ನಾಲೆಯ ಕಡೆ ಹೊರಟವಳು ಏರಿ ಹತ್ತಿ ನೋಡಿದರೆ, ದೂರದಲ್ಲಿ ಅತ್ತೆ ದಿಂಬಿನ ಮೇಲೆ ಕೂತು ಸೀಟು ಹಿಡಿದುಕೊಂಡು ಬರುತ್ತಿದ್ದಾರೆ. ಮಾವ ಹ್ಯಾಂಡಲ್ ಹಿಡಿದು ನಿಧಾನವಾಗಿ ತಳ್ಳಿಕೊಂಡು ನಡೆಯುತ್ತಿದ್ದಾರೆ.

ಮನೆಯಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಹೋಗಿ ಮಂಚದ ಅಂಚಿನಲ್ಲಿ ಕೂತು ಅಕ್ಕನ ಕೈ ತೆಗೆದುಕೊಂಡರು. ಅಕ್ಕ ಆ ಕೈಯನ್ನು ಎಳೆದು ಕೆನ್ನೆಗೆ ಒತ್ತಿಕೊಂಡರು. ಅದನ್ನು ನೋಡಲಾರದೆ ನಾನು ಜಗಲಿಗೆ ಬಂದೆ. ಮಾವ ಚೊಂಬಿನ ನೀರು ಎತ್ತಿ ಕುಡಿಯುತ್ತಿದ್ದರು. ಅಂಗಿ ಪೂರ್ತಿ ಒದ್ದೆ, ಹಿಮ್ಮಡಿ ಒಡೆದು ರಕ್ತ ಬಂದಿತ್ತು.

"ಎಲ್ಲಿಂದ ತಳ್ಳಿಕೊಂಡು ಬಂದ್ರಿ ಮಾವ?"

"ಮೊದುಲ್ನೆ ಗುಂಡಿಯಿಂದವ. ತುಳ್ದಾಗ ಅವ್ಳು ಅಮ್ಮ ಅಂದ್ಲು. ಇಳ್ಕಂಡ್‌ಬುಟ್ಟೆ."

ಕಣ್ಣು ಒರೆಸಿಕೊಂಡದ್ದು ಕಾಣದಿರಲೆಂದು ನಾನು ರೇಗಿಸಿದೆ. "ಇಷ್ಟಕ್ಕೆ ಮೈಸೂರು ತಿರುಗಿ ಆ ಬೈಕು ತರಬೇಕಿತ್ತಾ? ದಾರಿಯುದ್ದ ನಡೆದೇ ಬಂದಿದ್ದೀರಲ್ಲ."

ಮಾವ ಚೊಂಬು ಕೆಳಗಿಟ್ಟು, ಇಷ್ಟು ಓದಿಯೂ ಇವಳಿಗೆ ಇದು ತಿಳಿಯಲಿಲ್ಲವಲ್ಲ ಎನ್ನುವಂತೆ ನನ್ನನ್ನು ನೋಡಿದರು.

"ನಡ್ಕಂಡು ಬಂದವ ನಾನು ಕಣವ್ವ. ಅವ್ಳು ಸೈಕಲ್ ಮ್ಯಾಲೆ ಬಂದವ್ಳೆ."